ಬಂಪರಿನೊಡನೆ ಅರ್ಧ ಗಂಟೆ

ಲಾಲ್‌ಬಾಗಿನ ಪಶ್ಚಿಮದ್ವಾರದಿಂದ ಅನತಿದೂರದಲ್ಲಿ, ಬಣ್ಣದ ಪಟ್ಟೆಯನ್ನೂ ಕಾಣದೆ ರಾತ್ರೋರಾತ್ರಿ ಉದ್ಭವಿಸಿದ್ದ ಒಂದು ಹಂಪನ್ನು ಕಂಡು ಮುಂದಿದ್ದ ಸರಕಿನ ಟೆಂಪೋ ತಟ್ಟನೆ ನಿಂತುದೂ, ಹಿಂದಿದ್ದ ನನ್ನ ಕಾರು ನಿಲ್ಲಬೇಕಾದ ಸ್ಥಳಕ್ಕಿಂತ ಮೂರಡಿ ಮುಂದೆ ಹೋಗಿ ನಿಂತುದೂ ಒಂದೇ ಕ್ಷಣದಲ್ಲಿ ನಡೆದುಹೋದುವು. ಟೆಂಪೋವಿನ ಹಿಂಬದಿಯ ಕಬ್ಬಿಣದ ಪಟ್ಟಿಗೆ ಕೂದಲೂ ಕೊಂಕಲಿಲ್ಲ. ನನ್ನ ಕಾರಿನ ಮುಂಬಂಪರು ಮಾತ್ರ ಬಲಮಗ್ಗುಲಲ್ಲಿ ಸೀಳಿ, ಬಾಯಿ ತೆರೆದುಕೊಂಡು ಜೋತುಬಿದ್ದಿತು. ತೋಳೇರಿಸಿಕೊಂಡು ಇಳಿದು ಬಂದ ಟೆಂಪೋ ಚಾಲಕನು ಎರಡು ವಾಹನಗಳನ್ನೂ ಒಮ್ಮೆ ನೋಡಿ, ಮನಸ್ಸು ಕರಗಿ, "ಬಿಡಿ ಸಾರ್, ಪ್ಲಾಸ್ಟಿಕ್ಕು" ಎಂದು ನನಗೆ ಸಮಾಧಾನ ಹೇಳಿ ಹೊರಟುಹೋದನು. ಹನ್ನೆರಡು ದಿನಗಳ ತರುವಾಯ ಕಾರನ್ನು ಬಿಡಿಸಿಕೊಂಡು ಬರಲು ಗ್ಯಾರೇಜಿಗೆ ಹೋದಾಗ, ಬಿಲ್ಲು ಸಿದ್ಧವಾಗಲು ಇನ್ನೂ ಅರ್ಧ ಗಂಟೆ ಬೇಕೆಂದರು. ಹೊತ್ತು ಕಳೆಯಲು ಹಿತ್ತಿಲ ಕಡೆಗೆ ಹೋದೆ. ಅಲ್ಲಿ ಸವೆದ ಟೈರುಗಳ ರಾಶಿಗೆ ಒರಗಿಕೊಂಡು ನನ್ನ ಹಳೆಯ ಬಂಪರು ನಿಂತಿತ್ತು. ನಾಲ್ಕು ವರ್ಷಗಳಿಗೆ ಮೀರಿದ ಪರಿಚಯ. ಮಾತನಾಡಿಸದೆ ಹೋಗುವುದು ಮರ್ಯಾದೆಯಲ್ಲವೆನಿಸಿತು.

ನಾನು: ನಮಸ್ಕಾರ. ದೇಹಸ್ಥಿತಿ ಹೇಗಿದೆ?

ಬಂಪರ್: ಸರ್ವೇಯರ್ ಮಹಾಶಯರು ದಯಮಾಡಿಸುವವರೆಗೂ ಚೆನ್ನಾಗಿಯೇ ಇತ್ತು. ನನ್ನ ಮೈಯೆಲ್ಲ ಪಾಲಿಪ್ರೊಪಿಲೀನ್. ಬಿಸಿ ತಾಗಿದರೆ ಮೆದುವಾಗಿ, ಬೆಸುಗೆಗೆ ಒಡ್ಡಿಕೊಂಡು, ಆರಿದ ಮೇಲೆ ಮತ್ತೆ ಗಟ್ಟಿಯಾಗುವ ಸುಶೀಲ ವಸ್ತು. ಗೇಣುದ್ದದ ಸೀಳನ್ನು ಬೆಸೆದು, ಪುಟ್ಟಿ ಹಚ್ಚಿ ಉಜ್ಜಿ, ಬಣ್ಣ ಹೊಡೆದಿದ್ದರೆ ಇನ್ನೂ ಬಹುಕಾಲ ತಮ್ಮ ಮುಂದೆಯೇ ಓಡುತ್ತಿದ್ದೆ. ಆದರೆ ತಮಗೆ ವಿಮೆಯುಂಟೆಂದು ತಿಳಿದೊಡನೆ ಇಲ್ಲಿನ ಅಡ್ವೈಸರು ನನ್ನ ಮುಖ ನೋಡುವುದನ್ನು ಬಿಟ್ಟು ಎಸ್ಟಿಮೇಟಿನ ಮುಖ ನೋಡತೊಡಗಿದರು. ಮನುಷ್ಯರಿಗೆ ಮರಣವಾದ ಮೇಲೆ ವಿಮೆ ಬರುತ್ತದೆ. ನಮಗಾದರೋ ವಿಮೆಯಿರುವುದರಿಂದಲೇ ಮರಣ ಬರುತ್ತದೆ.

ನಾನು: ತಮ್ಮ ಪೂರ್ವಿಕರು ಇಷ್ಟು ಸುಲಭವಾಗಿ ಸೀಳುತ್ತಿರಲಿಲ್ಲವೆಂದು ಕೇಳಿದ್ದೇನೆ.

ಬಂಪರ್: ಅಂಬಾಸಡರಿನ ಬಂಪರನ್ನು ಕುರಿತು ಹೇಳುತ್ತಿರುವಿರಿ. ಉಕ್ಕಿನ ಶರೀರ, ಅದರ ಮೇಲೆ ಕ್ರೋಮಿಯಂ ಲೇಪ. ಮದುಮಗನು ಕಾರಿನಿಂದ ಇಳಿಯುವ ಮುನ್ನ ಅದರಲ್ಲೇ ಮುಖ ನೋಡಿಕೊಳ್ಳಬಹುದಾಗಿತ್ತು. ತಗ್ಗು ಬಿದ್ದರೆ ಟಿಂಕರು ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟು, ಎರಡು ಲೋಟ ಟೀ ಕುಡಿದು, ಸಂಜೆಯೊಳಗೆ ಸರಿಪಡಿಸುತ್ತಿದ್ದನು. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಬಾಗಿಲೆಳೆದುಕೊಂಡಾಗ ಆ ವಂಶವೂ ಅಸ್ತಂಗತವಾಯಿತು. ಆದರೂ ನನ್ನನ್ನು ಹೀನಕುಲದವನೆಂದು ಭಾವಿಸಬೇಡಿ. ಉಕ್ಕಿನ ಹಿರಿಯರು ದಾರಿಹೋಕನ ಮೊಣಕಾಲಿಗೆ ತಾಗಿದರೆ ಮೊಣಕಾಲು ಮುರಿಯುತ್ತಿತ್ತು. ಈಗ ಮೊದಲು ಮುರಿಯಲೆಂದು ನನ್ನನ್ನು ಇಟ್ಟಿದ್ದಾರೆ. ಮುರಿಯುವುದೇ ನನ್ನ ಸ್ವಧರ್ಮ. ಅದನ್ನು ಆಚರಿಸಿದುದಕ್ಕಾಗಿ ತಾವು ಆ ದಿನ ರಸ್ತೆಯಲ್ಲಿ ನನ್ನನ್ನು ಬೈದಿರಿ.

ನಾನು: (ಮಾತು ಬದಲಿಸಿ) ವಿಮಾಕಂಪನಿಗಳವರು ಒಂದು ಪಾಲಿಸಿಗೆ 'ಬಂಪರ್ ಟು ಬಂಪರ್' ಎಂದು ತಮ್ಮ ಹೆಸರನ್ನೇ ಇಟ್ಟಿರುವರಲ್ಲ?

ಬಂಪರ್: ಇಟ್ಟಿದ್ದಾರೆ. ಸವಕಳಿ ಹಿಡಿಯದೆ ಕೊಡುವ ಆ ರಕ್ಷೆಯನ್ನು ಎರಡು ಸಾವಿರ ರೂಪಾಯಿ ಉಳಿಸಲೆಂದು ಕಳೆದ ವರ್ಷ ಕೈಬಿಟ್ಟವರು ತಾವು. ಅದಿಲ್ಲದಿದ್ದರೆ ನಡೆಯುವುದು ಮೂಲಪಾಲಿಸಿಯ ಸವಕಳಿಯ ಶಾಸ್ತ್ರ, ಮತ್ತು ಆ ಶಾಸ್ತ್ರವು ಸಾಮಾನ್ಯವಾದುದಲ್ಲ. ಲೋಹದ ಭಾಗಗಳಿಗೆ ಮೊದಲ ಆರು ತಿಂಗಳು ಸವಕಳಿಯಿಲ್ಲ. ತರುವಾಯ ವಯಸ್ಸಿಗನುಸಾರವಾಗಿ 5, 10, 15, 25, 35, 40 ಎಂದು ಶೇಕಡಾವಾರು ಏರುತ್ತ, ಹತ್ತು ವರ್ಷ ಕಳೆದ ಮೇಲೆ 50ನ್ನು ಮುಟ್ಟುತ್ತದೆ. ಗಾಜಿಗೆ ಸವಕಳಿಯೇ ಇಲ್ಲ. ವೇದಾಂತಿಗಳ ಆತ್ಮದಂತೆ ಅದಕ್ಕೆ ಜರೆಯಿಲ್ಲ. ಪ್ಲಾಸ್ಟಿಕ್ಕು ಮತ್ತು ರಬ್ಬರಿಗೆ ಮಾತ್ರ ಶೋರೂಮಿನಿಂದ ಹೊರಬಿದ್ದ ದಿನದಿಂದಲೇ ಶೇಕಡ 50. ಹಣೆಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು ತಾವು ಪೂಜೆ ಮಾಡಿಸಿದ ಆ ಬೆಳಿಗ್ಗೆಯೇ, ಕಂಪನಿಯ ದೃಷ್ಟಿಯಲ್ಲಿ ನನ್ನ ಅರ್ಧಾಯುಷ್ಯ ಕಳೆದುಹೋಗಿತ್ತು.

ನಾನು: ಹನ್ನೆರಡು ದಿನ ತಾವು ಇಲ್ಲಿ ಕಂಡ ವಿಶೇಷಗಳೇನು?

ಬಂಪರ್: ಮೂರು ದಿನ ಸರ್ವೇಯರಿಗಾಗಿ ಕಾದೆವು. ಐದು ದಿನ 'ಪಾರ್ಟು ಬರಬೇಕು' ಎಂಬ ಮಂತ್ರವನ್ನು ಕೇಳಿದೆವು. ಎರಡು ದಿನ ಕಂಪನಿಯ 'ಅಪ್ರೂವಲ್' ಬರಬೇಕಾಗಿತ್ತು. ಕ್ಯಾಶ್‌ಲೆಸ್ ಎಂಬ ಶಬ್ದಕ್ಕೆ ತಮ್ಮ ಕೈಯಿಂದ ಹಣ ಹೋಗುವುದಿಲ್ಲವೆಂಬ ಅರ್ಥವಿದೆಯೆಂದು ತಾವು ನಂಬಿದ್ದಿರಿ. ಸದ್ಯಕ್ಕೆ ಯಾರ ಕೈಯಿಂದಲೂ ಹೋಗುವುದಿಲ್ಲವೆಂಬುದು ಇಲ್ಲಿನ ವಾಡಿಕೆಯ ಅರ್ಥ. ಉಳಿದೆರಡು ದಿನ ಬಣ್ಣ. ಇವೆಲ್ಲಕ್ಕಿಂತ ನನ್ನನ್ನು ಚಕಿತಗೊಳಿಸಿದುದು ತಮ್ಮ ಕ್ಲೇಮ್ ಅರ್ಜಿ. ಅದರಲ್ಲಿ ಒಂದು ನಾಯಿ ಇದೆ.

ನಾನು: ನಾಯಿ...

ಬಂಪರ್: 'ಇದ್ದಕ್ಕಿದ್ದಂತೆ ಒಂದು ನಾಯಿ ಅಡ್ಡ ಬಂದುದರಿಂದ' ಎಂದು ಅಪಘಾತದ ವಿವರಣೆಯನ್ನು ಆರಂಭಿಸಿರುವಿರಿ. ಆ ದಿನ ಎಲ್ಲರಿಗಿಂತ ಮುಂದೆ ಇದ್ದವನು ನಾನು. ಹಂಪನ್ನು ನೋಡಿದೆ, ಟೆಂಪೋವನ್ನು ನೋಡಿದೆ, ತಮ್ಮ ಎಡಗೈಯಲ್ಲಿ ಫೋನು ಇದ್ದಿತೆಂಬುದನ್ನೂ ಬಲ್ಲೆ. ನಾಯಿಯನ್ನು ನೋಡಲಿಲ್ಲ.

ನಾನು: ಹಾಗೆ ಬರೆದರೆ ಸುಲಭವೆಂದು ಅಡ್ವೈಸರೇ ಹೇಳಿದರು. ಎಲ್ಲರೂ ಬರೆಯುವರಂತೆ.

ಬಂಪರ್: ಇದೇ ಹಿತ್ತಿಲಲ್ಲಿ ನನ್ನೊಡನೆ ಇನ್ನೂ ಆರು ಬಂಪರುಗಳಿವೆ, ಅವುಗಳಲ್ಲಿ ನಾಲ್ಕರ ಅರ್ಜಿಗಳಲ್ಲಿಯೂ ನಾಯಿಯಿದೆ. ಬಹುಶಃ ಅದೊಂದೇ ನಾಯಿಯಿರಬೇಕು, ಊರನ್ನೆಲ್ಲ ಸುತ್ತುತ್ತಿದೆ. ವಿಮೆಯ ಕರಾರು ಪರಮವಿಶ್ವಾಸದ ತಳಹದಿಯ ಮೇಲೆ ನಿಂತುದೆಂದು ನ್ಯಾಯಶಾಸ್ತ್ರಜ್ಞರು ಹೇಳುತ್ತಾರೆ. ಆ ವಿಶ್ವಾಸದ ತಳಹದಿಯಲ್ಲಿ ತಾವು ಇಟ್ಟ ಇಟ್ಟಿಗೆ ಇದು. ಎಡಮೂಲೆಯ ಗೀರಿನ ವಿಷಯವೂ ಹಾಗೆಯೇ. ತಮ್ಮ ಮನೆಯ ಗೇಟಿನ ಕಂಬಕ್ಕೆ ಉಜ್ಜಿ ಆದ ಆ ಗೀರು ಟೆಂಪೋವಿನದೇ ಎಂದು ತಾವು ಸಾಧಿಸಿದಿರಿ. ಸರ್ವೇಯರು ಬೆರಳಿನಿಂದ ಸವರಿ, ಅದರೊಳಗಿನ ಧೂಳು ನೋಡಿ, 'ಇದು ಹಳೆಯದು, ಬೇರೆ ಕ್ಲೇಮು' ಎಂದರು. ಆ ಮನುಷ್ಯನ ಬಗೆಗೆ ನನಗೆ ಗೌರವ ಹುಟ್ಟಿದುದು ಆಗಲೇ.

(ಈ ಘಟ್ಟದಲ್ಲಿ ಸಂದರ್ಶಕನು ಕೈಗಡಿಯಾರವನ್ನು ನೋಡಿಕೊಂಡನೆಂಬುದನ್ನು ಪ್ರಾಮಾಣಿಕತೆಗಾಗಿ ದಾಖಲಿಸಬೇಕು.)

ನಾನು: ಹೋಗಲಿ, ಹಣವಾದರೂ ಬರುತ್ತದಲ್ಲ!

ಬಂಪರ್: ಲೆಕ್ಕವನ್ನು ಹನ್ನೆರಡು ದಿನ ಮೊದಲೇ ಕೇಳಿದ್ದರೆ ಹೇಳುತ್ತಿದ್ದೆ. ನನ್ನ ಉತ್ತರಾಧಿಕಾರಿಗೆ 9,000, ಬಣ್ಣಕ್ಕೆ 4,000, ಕೂಲಿ 1,500, ಕ್ಲಿಪ್ಪು ಸ್ಕ್ರೂಗಳಿಗೆ 600; ಒಟ್ಟು 15,100 ರೂಪಾಯಿ. ಪ್ಲಾಸ್ಟಿಕ್ಕಿನ ಅರ್ಧವೆಂದು 4,500 ಹೋಯಿತು. ಬಣ್ಣದ ಬಿಲ್ಲಿನಲ್ಲಿ ಕಾಲುಭಾಗವು ಸಾಮಗ್ರಿಯೆಂದು ಎಣಿಸಿ, ಅದರಲ್ಲಿ ಅರ್ಧವನ್ನು ಕಳೆದು 500 ಹೋಯಿತು. ಕ್ಲಿಪ್ಪುಗಳು ಲೆಕ್ಕಕ್ಕಿಲ್ಲವಾದುದರಿಂದ 600 ಹೋಯಿತು. 1,500 ಸಿ.ಸಿ. ಮೀರದ ಕಾರಿನ ಪ್ರತಿ ಕ್ಲೇಮಿನಲ್ಲಿಯೂ ಮಾಲೀಕನು ಹೊರಲೇಬೇಕಾದ 1,000 ಹೋಯಿತು. ಉಳಿದುದು 8,500.

ನಾನು: ಅಷ್ಟಾದರೂ ಬಂದಿತಲ್ಲ.

ಬಂಪರ್: ನಾಲ್ಕು ವರ್ಷ ಕ್ಲೇಮ್ ಮಾಡದಿದ್ದುದಕ್ಕಾಗಿ ಸ್ವಂತಹಾನಿಯ ಪ್ರೀಮಿಯಮ್ಮಿನಲ್ಲಿ ತಮಗೆ ಶೇಕಡ 45ರ ಬೋನಸ್ ನಡೆಯುತ್ತಿತ್ತು. ಬರುವ ವರ್ಷ ಅದು 50 ಆಗಿ, ಮುಂದೆ ಅಲ್ಲಿಯೇ ನಿಲ್ಲುತ್ತಿತ್ತು. ಈಗ ಸೊನ್ನೆಗೆ ಇಳಿದಿದೆ. ಅದರ ಮುಂದಿನ ವರ್ಷ 20ರಿಂದ ಮತ್ತೆ ಅಕ್ಷರಾಭ್ಯಾಸ. ಆ ಪ್ರೀಮಿಯಂ 12,000 ಎಂದಿಟ್ಟುಕೊಂಡರೆ, ಬರುವ ವರ್ಷ 6,000, ಅದರ ಮುಂದಿನ ವರ್ಷ 3,600. ಎರಡೇ ವರ್ಷಗಳಲ್ಲಿ 9,600 ರೂಪಾಯಿ. 8,500 ಪಡೆಯಲು 9,600 ಕೊಡುವ ವರ್ತಕನು ಚಿಕ್ಕಪೇಟೆಯಲ್ಲಿ ಒಬ್ಬನೂ ಸಿಕ್ಕಲಾರನು. ಬೋನಸ್ ಎಂದರೆ ಕೊಂಡ ಕೊಡೆಯನ್ನು ಮಳೆಯಲ್ಲಿ ಬಿಚ್ಚದಿದ್ದುದಕ್ಕೆ ಅಂಗಡಿಯವನು ಕೊಡುವ ಬಹುಮಾನ.

ನಾನು: ಹಾಗಾದರೆ ವಿಮೆಯೇ ವ್ಯರ್ಥವೆನ್ನುವಿರಾ?

ಬಂಪರ್: ಹಾಗೆನ್ನಲಾರೆ. 1988ರ ಮೋಟಾರು ವಾಹನ ಕಾಯಿದೆ ಕಡ್ಡಾಯ ಮಾಡಿರುವುದು ನನಗಾಗಿ ತೆಗೆಯುವ ವಿಮೆಯನ್ನಲ್ಲ, ಅನ್ಯರಿಗಾಗಿ ತೆಗೆಯುವುದನ್ನು. ಆ ದಿನ ನನ್ನ ಮುಂದೆ ಟೆಂಪೋವಿಗೆ ಬದಲು ಒಬ್ಬ ಹೂ ಮಾರುವ ಮುದುಕಿಯಿದ್ದಿದ್ದರೆ, ನ್ಯಾಯಮಂಡಲಿಯು ವಿಧಿಸುವ ಪರಿಹಾರವನ್ನು ತಾವು ಸೈಟು ಮಾರಿದರೂ ಕೊಡಲಾಗುತ್ತಿರಲಿಲ್ಲ. ಆ ಕಾಗದಕ್ಕೆ ಕೈಮುಗಿಯಿರಿ. ಅಂತಹ ಕಾಗದವನ್ನು ಗೇಣುದ್ದದ ಸೀಳಿಗೆ ತೇಪೆ ಹಾಕಲು ಹೊರಟುದರಲ್ಲಿ ಇದೆ ಅವಿವೇಕ.

ನಾನು: ವಿಮಾ ಒಂಬುಡ್ಸ್‌ಮನ್ನರಿಗೆ ದೂರು ಕೊಟ್ಟರೆ?

ಬಂಪರ್: ಧಾರಾಳವಾಗಿ ಕೊಡಬಹುದು. ಬೆಂಗಳೂರಿನಲ್ಲಿಯೇ ಕಚೇರಿಯಿದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮೊದಲು ಕಂಪನಿಗೆ ಬರೆದು, 30 ದಿನ ಕಾದು, ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಹೋಗಬೇಕು. ನ್ಯಾಯವಾದ ದೂರಿದ್ದವರು ಹೋಗಲೇಬೇಕು. ತಾವು ಹೋದರೆ ಮಾತ್ರ ಅವರು ನಾಯಿಯ ಬಣ್ಣವನ್ನು ಕೇಳಬಹುದು.

ಅಷ್ಟರಲ್ಲಿ ಗ್ಯಾರೇಜಿನ ಹುಡುಗನು ಬಂದು ಬಿಲ್ಲು ಸಿದ್ಧವಾಗಿದೆಯೆಂದನು. ಬಂಪರನ್ನು ಒಂದೇ ಕೈಯಲ್ಲಿ ಎತ್ತಿ, ಶಿವಾಜಿನಗರದ ಗುಜರಿಗೆ ಹೊರಟಿದ್ದ ಲಗೇಜ್ ಆಟೋವಿನಲ್ಲಿ ಉಳಿದ ಆರರ ಮೇಲೆ ಎಸೆದನು. ನಾನು ನನ್ನ ಪಾಲಿನ 6,600 ರೂಪಾಯಿಯನ್ನು ತೆತ್ತು ಮನೆಗೆ ಬಂದೆ. ಮರುದಿನ ಭಾನುವಾರ, ಗೇಟಿನ ಕಂಬಕ್ಕೆ ದಟ್ಟವಾದ ಹಳದಿ ಬಣ್ಣವನ್ನು ಬಳಿಸಿದೆನು. ಬಣ್ಣವೂ ಕೂಲಿಯೂ ಸೇರಿ ಖರ್ಚಾದುದು 450 ರೂಪಾಯಿ.