ಟೋಲ್ ಇಲ್ಲದ ದಂಡಯಾತ್ರೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳು ನಾಳೆ ಬೆಳಿಗ್ಗೆ ಒಂದಾಗಿ ಭಾರತದಿಂದ ಹೊರಬಿದ್ದವು ಎಂದುಕೊಳ್ಳಿ. ದೇಶ ನಡೆಸಲು ಬೇಕಾದ್ದು ಬಹುಪಾಲು ಇದೆ. ಹಿಡಕಲ್ ಜಲಾಶಯದಲ್ಲಿ 51 ಟಿಎಂಸಿ ನೀರು ಹಿಡಿಯುತ್ತದೆ. ಸಕ್ಕರೆಗೆ ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆ. ದೀಪಕ್ಕೆ 1969ರಿಂದ ಇರುವ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಸಂಘ ಸ್ವಂತದ್ದು, ಕರೆಂಟು ಮಾತ್ರ ಹೊರಗಿನಿಂದ ಕೊಂಡದ್ದು, ಅದನ್ನು ಆಮೇಲೆ ನೋಡಿಕೊಳ್ಳೋಣ. ವಿದೇಶಿ ವಿನಿಮಯಕ್ಕೆ ಕರದಂಟು ಸಾಕು.

ಇಲ್ಲದಿರುವುದು ಸೇನೆ ಒಂದೇ. ದೆಹಲಿಯ ಸೇನೆಯಾದರೋ ದೆಹಲಿಯಿಂದ ಬರಬೇಕಿಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲೇ ಇದೆ. ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ಹುಕ್ಕೇರಿ ತಾಲ್ಲೂಕಿಗೆ ಒಂದು ತಾಸು. ನಡುವೆ ಹತ್ತರಗಿ ಟೋಲ್ ನಾಕಾ ಅಡ್ಡ ಬರುತ್ತದಲ್ಲ, ಅಲ್ಲಿ ಬಂಡಾಯಗಾರರು ತಡೆಯಬಹುದಲ್ಲ ಎಂದರೆ ಅದಕ್ಕೂ ಬ್ರಿಟಿಷರು 1901ರಲ್ಲೇ ಕಾನೂನು ಮಾಡಿಟ್ಟು ಹೋಗಿದ್ದಾರೆ: ಸೇನೆಗೆ ಟೋಲ್ ಇಲ್ಲ. ಡೀಸೆಲ್ ಖರ್ಚಿನಲ್ಲೇ ಗಣರಾಜ್ಯ ಮುಗಿಯಿತು.

ನಗುವ ಮಾತಾದರೂ ಈ ಭಾಗದ ಜನ ಅದನ್ನು ನಿಜವಾಗಿ ನಡೆದದ್ದಾಗಿಯೂ ಬಲ್ಲರು. 1961ರ ಡಿಸೆಂಬರಿನಲ್ಲಿ ಗೋವಾಕ್ಕೆ ಹೊರಟ ಪಡೆ ಜಮಾಯಿಸಿದ್ದು ಬೆಳಗಾವಿಯ ಸುತ್ತಲೇ. ಪೋರ್ಚುಗೀಸರ 451 ವರ್ಷದ ಆಳ್ವಿಕೆ ಎರಡು ದಿನಕ್ಕೆ ಗಂಟುಮೂಟೆ ಕಟ್ಟಿತು. ಅದಕ್ಕೂ ಮೊದಲು, 1948ರ ಸೆಪ್ಟೆಂಬರ್ 13ರಂದು ನಿಜಾಮರ ಹೈದರಾಬಾದಿಗೆ ಸೇನೆ ನುಗ್ಗಿತು. ನಿಜಾಮರ ಬಳಿ ಯಥಾಸ್ಥಿತಿ ಒಪ್ಪಂದದ ಕಾಗದವಿತ್ತು, ಭದ್ರತಾ ಮಂಡಳಿಗೆ ಬರೆದ ದೂರಿತ್ತು. ಐದು ದಿನದಲ್ಲಿ ಎಲ್ಲ ಮುಗಿದು, ಬೀದರ, ಕಲಬುರಗಿ, ರಾಯಚೂರು ಭಾರತದ ನಕ್ಷೆಯಲ್ಲಿದ್ದವು. ಆ ದೂರಿನ ಅರ್ಜಿ ಎಲ್ಲಿಗೆ ಬಂತೆಂದು ಕೇಳುವವರೇ ಉಳಿಯಲಿಲ್ಲ.

ಅದೇ ವರ್ಷದ ನವೆಂಬರ್ 4ರಂದು ಅಂಬೇಡ್ಕರ್ ಸಂವಿಧಾನ ಸಭೆಯ ಮುಂದೆ ಕರಡು ಇಟ್ಟು ಹೇಳಿದ್ದರ ಸಾರ ಇಷ್ಟು: ರಾಜ್ಯಗಳಿಗೆ ಒಕ್ಕೂಟ ಬಿಟ್ಟುಹೋಗುವ ಹಕ್ಕಿಲ್ಲ ಎಂದು ಸ್ಥಾಪಿಸಲು ಅಮೆರಿಕದವರು ಅಂತರ್ಯುದ್ಧವನ್ನೇ ಮಾಡಬೇಕಾಯಿತು, ನಾವು ಮೊದಲೇ ಬರೆದಿಟ್ಟುಬಿಡೋಣ. ಅಲ್ಲಿ ಲಕ್ಷಗಟ್ಟಲೆ ಹೆಣ ಬಿದ್ದಮೇಲೆ, 1869ರಲ್ಲಿ ಟೆಕ್ಸಾಸ್ ಪ್ರಕರಣದಲ್ಲಿ ಅವರ ಸುಪ್ರೀಂ ಕೋರ್ಟು, ಒಕ್ಕೂಟವೂ ಅಳಿಯದು, ರಾಜ್ಯವೂ ಅಳಿಯದು ಎಂದಿತು. ನಾವು ಇದರಲ್ಲಿ ಅರ್ಧ ಮಾತ್ರ ತೆಗೆದುಕೊಂಡೆವು. ಒಕ್ಕೂಟ ಅಳಿಯದು, ರಾಜ್ಯವನ್ನು ಬೇಕಾದಾಗ ಕೊಯ್ಯಬಹುದು. ಬೇರುಬಾರಿ ಪ್ರಕರಣದ ಪ್ರಕಾರ ದೇಶದ ಅಂಗೈಯಗಲ ನೆಲ ಪರದೇಶಕ್ಕೆ ಕೊಡಲು ಸಂವಿಧಾನವನ್ನೇ ತಿದ್ದಬೇಕು. ಒಂದು ಇಡೀ ರಾಜ್ಯವನ್ನು ಎರಡು ಹೋಳು ಮಾಡಲು ಮೂರನೇ ವಿಧಿ, ಸಂಸತ್ತಿನಲ್ಲಿ ಸರಳ ಬಹುಮತ, ಅಷ್ಟೇ. ರಾಜ್ಯದ ವಿಧಾನಸಭೆಯ ಅಭಿಪ್ರಾಯ ಕೇಳುತ್ತಾರೆ. ಮದುವೆ ಗೊತ್ತಾದಮೇಲೆ ಹುಡುಗಿಯನ್ನು ಕೇಳಿದ ಹಾಗೆ. 2014ರಲ್ಲಿ ಆಂಧ್ರದ ವಿಧಾನಸಭೆ ತೆಲಂಗಾಣ ಮಸೂದೆಯನ್ನು ತಿರಸ್ಕರಿಸಿತು, ಸಂಸತ್ತು ಪಾಸು ಮಾಡಿತು. ಆ ಯುದ್ಧದಲ್ಲಿ ಸಿಡಿದ ರಾಸಾಯನಿಕ ಅಸ್ತ್ರವೆಂದರೆ ಲೋಕಸಭೆಯಲ್ಲಿ ಒಬ್ಬ ಸಂಸದರು ಚಿಮುಕಿಸಿದ ಪೆಪ್ಪರ್ ಸ್ಪ್ರೇ.

ಇಷ್ಟು ಸಲೀಸಾದ ಕತ್ತರಿ ದೆಹಲಿಯಲ್ಲಿರುವುದು ಚೆನ್ನಾಗಿ ಗೊತ್ತಿದ್ದವರು ಹುಕ್ಕೇರಿಯ ಉಮೇಶ ಕತ್ತಿ. ಎಂಟು ಸಲ ಶಾಸಕರಾಗಿ ಗೆದ್ದವರು. ಪ್ರತ್ಯೇಕ ಉತ್ತರ ಕರ್ನಾಟಕದ ಕೂಗನ್ನು ಅವರಷ್ಟು ನಿಷ್ಠೆಯಿಂದ ಹಾಕಿದವರಿಲ್ಲ. ಸಂಪುಟದ ಹೊರಗಿದ್ದಾಗ ಆ ಕೂಗು ತುಸು ಜೋರಾಗಿ ಕೇಳುತ್ತದೆ ಎಂದು ಆಗದವರು ಆಡಿಕೊಳ್ಳುತ್ತಿದ್ದರು. ಆದರೆ 2022ರ ಜೂನ್‌ನಲ್ಲಿ ಸಚಿವರಾಗಿದ್ದೇ ಅವರು, 2024ರ ಚುನಾವಣೆ ಬಳಿಕ ದೇಶದಲ್ಲಿ 50 ರಾಜ್ಯಗಳಾಗುತ್ತವೆ, ಉತ್ತರ ಕರ್ನಾಟಕವೂ ಒಂದು ಎಂದರು. ಆ ಸೆಪ್ಟೆಂಬರಿನಲ್ಲೇ ತೀರಿಕೊಂಡರು. 2024ರ ಚುನಾವಣೆ ಬಂತು, ಹೋಯಿತು. ರಾಜ್ಯಗಳು 28ರಲ್ಲೇ ನಿಂತಿವೆ. ಅವರ ಪರವಾಗಿ ಒಂದು ಮಾತು ಹೇಳಲೇಬೇಕು: ಅವರು ಕೇಳಿದ್ದು ಪ್ರತ್ಯೇಕ ರಾಜ್ಯ, ಪ್ರತ್ಯೇಕ ದೇಶವಲ್ಲ. ದ್ರಾವಿಡನಾಡಿನ ಬೇಡಿಕೆಯ ಕಾಲದಲ್ಲಿ, 1963ರಲ್ಲಿ, 16ನೇ ತಿದ್ದುಪಡಿ ಬಂದಾಗಿನಿಂದ ನಾಮಪತ್ರ ಹಾಕುವವರೆಲ್ಲ ದೇಶದ ಅಖಂಡತೆ ಎತ್ತಿಹಿಡಿಯುತ್ತೇವೆಂದು ಪ್ರಮಾಣ ಮಾಡಲೇಬೇಕು. ಪಕ್ಷದ ಅಖಂಡತೆಯ ಬಗ್ಗೆ ಆ ಪ್ರಮಾಣದಲ್ಲಿ ಚಕಾರವಿಲ್ಲ.

ಅಲ್ಲೇ ಇರುವುದು ನಮ್ಮವರ ಕೈಚಳಕ. ಈ ಸೀಮೆಯಲ್ಲಿ ಪ್ರತ್ಯೇಕತೆ ನಿಜಕ್ಕೂ ಕೈಗೂಡಿದ್ದು 2019ರ ಜುಲೈನಲ್ಲಿ. ಗೋಕಾಕದ ರಮೇಶ ಜಾರಕಿಹೊಳಿ ಮತ್ತು ಸಂಗಡಿಗ ಶಾಸಕರು ಸಮ್ಮಿಶ್ರ ಸರ್ಕಾರದಿಂದ ಹೊರಬಿದ್ದು ಮುಂಬೈ ಹೋಟೆಲಿನಲ್ಲಿ ನೆಲೆಸಿದರು. ಗಡಿ ತಂಟೆಗೆ ಸುಪ್ರೀಂ ಕೋರ್ಟು ಹತ್ತಿದ ಮಹಾರಾಷ್ಟ್ರವೇ ಪೊಲೀಸ್ ಕಾವಲು ಕೊಟ್ಟಿತು. ಕರ್ನಾಟಕದ ಸಚಿವ ಡಿ.ಕೆ. ಶಿವಕುಮಾರ್ ಬಾಗಿಲಲ್ಲೇ ನಿಂತರು. ಬೆಳಗಾವಿಯ ಒಂದು ಹಳ್ಳಿಯನ್ನೂ ಬಿಟ್ಟುಕೊಡದ ಕರ್ನಾಟಕ ಆ ತಿಂಗಳು ಸರ್ಕಾರವನ್ನೇ ಬಿಟ್ಟುಕೊಟ್ಟಿತು, ಯಾವ ದಂಡೂ ಹೊರಡಲಿಲ್ಲ. ಹತ್ತನೇ ಅನುಸೂಚಿ ಎಂಬ ಪಕ್ಷಾಂತರ ನಿಷೇಧದ ಕೋಟೆಯೇನೋ 1985ರಿಂದ ಇದೆ. ನವೆಂಬರ್ 13ರಂದು ಸುಪ್ರೀಂ ಕೋರ್ಟು, ಅನರ್ಹತೆ ಸರಿ, ಆದರೆ ಉಪಚುನಾವಣೆಗೆ ನಿಲ್ಲಬಹುದು ಎಂದಿತು. ಡಿಸೆಂಬರಿನಲ್ಲಿ ಗೋಕಾಕದಲ್ಲಿ ಅಣ್ಣ ರಮೇಶ ಬಿಜೆಪಿಯಿಂದ, ತಮ್ಮ ಲಖನ್ ಕಾಂಗ್ರೆಸ್ಸಿನಿಂದ ಎದುರುಬದುರು. ಅಮೆರಿಕದಲ್ಲಿ ಅಣ್ಣತಮ್ಮಂದಿರ ಕಾಳಗ ನಾಲ್ಕು ವರ್ಷ ಎಳೆಯಿತು; ಗೋಕಾಕದಲ್ಲಿ ಮತ ಎಣಿಕೆಗೆ ಮುಗಿಯಿತು. ಗೆದ್ದ ಅಣ್ಣ 2020ರ ಫೆಬ್ರವರಿಯಲ್ಲಿ ಜಲಸಂಪನ್ಮೂಲ ಸಚಿವ, ಸೋತ ತಮ್ಮ ಮರುವರ್ಷದ ಕೊನೆಗೆ ಪಕ್ಷೇತರನಾಗಿ ವಿಧಾನ ಪರಿಷತ್ತಿಗೆ. ಇಬ್ಬರೂ ಸೋಲದ ಇಂಥ ಯುದ್ಧ ಲಿಂಕನ್‌ಗೆ ಹೊಳೆಯಲಿಲ್ಲ ನೋಡಿ.

ಇನ್ನು ಜನ ಬೇಡುವುದು ದೇಶವೂ ಅಲ್ಲ, ರಾಜ್ಯವೂ ಅಲ್ಲ: ಜಿಲ್ಲೆ. ಅದಕ್ಕೆ ಸಂಸತ್ತು ಬೇಡ, ರಾಷ್ಟ್ರಪತಿ ಬೇಡ, ರಾಜ್ಯ ಸರ್ಕಾರದ ಅಧಿಸೂಚನೆ ಸಾಕು. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಗೋಕಾಕ, ಚಿಕ್ಕೋಡಿ ಜಿಲ್ಲೆಗಳನ್ನು ಘೋಷಿಸಿತು. ಕನ್ನಡ ತಾಲ್ಲೂಕುಗಳು ಹೋದರೆ ಬೆಳಗಾವಿಯಲ್ಲಿ ಮರಾಠಿಯ ಕೈ ಮೇಲಾದೀತೆಂದು ಕನ್ನಡ ಸಂಘಟನೆಗಳು ಎದ್ದವು, ಘೋಷಣೆ ವಾಪಸಾಯಿತು. ಗೋಕಾಕದಿಂದ ಸಿಡಿದು ತಾಲ್ಲೂಕಾಗುವುದರಲ್ಲಿ ಮೂಡಲಗಿ ಮಾತ್ರ ಗೆದ್ದಿತು. ಪ್ರತಿ ಚಳಿಗಾಲ ಸುವರ್ಣಸೌಧದ ಅಧಿವೇಶನ ಬಂದಾಗ ಜಿಲ್ಲೆಯ ಮನವಿಗಳು ಹೊಸ ಲೆಟರ್‌ಹೆಡ್ ಹೊದ್ದು ಹೊರಡುತ್ತವೆ.

“ಈ ಸಲ ಜಿಲ್ಲಾ ಆಗ್ಲಿಬೇಕ್ರಿ,” ಎಂದರು ಗೋಕಾಕ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹಿರಿಯರೊಬ್ಬರು. “ಡಿಸಿ ಆಫೀಸಿಗೆ ಹೋಗಿ ಬರೂದರಾಗ ಇಡೀ ದಿನಾ ಹೊಕ್ಕೈತಿ.”

“ಕೇಂದ್ರ ಚಿಕ್ಕೋಡಿಗೆ ಕೊಟ್ರ ನಡೀತದೇನ್ರಿ?”

“ಹಂಗಿದ್ರ ಬೆಳಗಾವಿನ ಇರ್ಲಿ ಬಿಡ್ರಿ, ರೂಢಿ ಆಗೇತಿ.”