ಟೈಮ್ ಮ್ಯಾನೇಜ್‌ಮೆಂಟ್ ಸರ್

ಟೈಮ್ ಮ್ಯಾನೇಜ್‌ಮೆಂಟ್ ಸರ್ ಮುಂಬಯಿಯ ಆಫೀಸುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಕಾಣಿಸಿಕೊಳ್ಳುವ ಜೀವಿ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್, ಅಂಧೇರಿಯ ಎಂಐಡಿಸಿ, ಮಲಾಡ್, ಪವಾಯಿ, ಖಾಡಿಯಾಚೆಗೆ ಐರೋಲಿ ಇವರು ಸಂಚರಿಸುವ ಸೀಮೆ. ಎಲ್ಲ ಕಾಲದಲ್ಲೂ ಸಿಗುತ್ತಾರಾದರೂ ಮಾರ್ಚ್ ತಿಂಗಳಲ್ಲಿ ದಟ್ಟಣೆ ಜಾಸ್ತಿ. ತರಬೇತಿಗೆಂದು ಎತ್ತಿಟ್ಟ ದುಡ್ಡು ಆರ್ಥಿಕ ವರ್ಷದೊಳಗೆ ಖರ್ಚಾಗದಿದ್ದರೆ ಮುಂದಿನ ವರ್ಷ ಅದಕ್ಕೆ ಕತ್ತರಿ ಬೀಳುತ್ತದೆಂಬ ಸತ್ಯ ಎಚ್‌ಆರ್ ವಿಭಾಗಕ್ಕೆ ಹೊಳೆಯುವುದು ಫೆಬ್ರವರಿ ಕೊನೆಯಲ್ಲಿ. ಸಮಯಪಾಲನೆಯ ಪಾಠವನ್ನು ತರಾತುರಿಯಲ್ಲಿ ಏರ್ಪಡಿಸುವುದು ಹೀಗೆ ರೂಢಿಗೆ ಬಂದಿದೆ.

ಇವರು ಹುಟ್ಟಿನಿಂದ ಸರ್ ಆದವರಲ್ಲ. ಹತ್ತಿಪ್ಪತ್ತು ವರ್ಷ ಮೆಡಿಕಲ್ ರೆಪ್ ಆಗಿ ಡಾಕ್ಟರುಗಳ ಬಾಗಿಲಲ್ಲಿ ಕಾದವರು, ಬ್ಯಾಂಕಿನಿಂದ ವಿಆರ್‌ಎಸ್ ಪಡೆದವರು, ವಿಮೆ ಮಾರಿ ಸುಸ್ತಾದವರು ಈ ಕಡೆ ಬರುತ್ತಾರೆ. ಆಟ ಆಡಿಸಿ ಸಮಯ ಕಲಿಸುವುದು ಇವರ ಕಸುಬು. ಕಾಲರಿಗೆ ಮೈಕು, ಕೊರಳಿಗೆ ಸೀಟಿ, ಮುಂಗೈಗೆ ಸ್ಮಾರ್ಟ್ ವಾಚು. ಕನ್ನಡಿಗರಲ್ಲೂ ಈ ತಳಿ ಸಾಕಷ್ಟಿದೆ. ಭಾನುವಾರ ಮಾಟುಂಗಾದ ಮೈಸೂರು ಅಸೋಸಿಯೇಶನ್‌ನಲ್ಲೋ ಕುರ್ಲಾದ ಬಂಟರ ಸಂಘದಲ್ಲೋ ಸಮಾರಂಭಕ್ಕೆ ತಡವಾಗಿ ಬಂದು, ಮುಂದಿನ ಸಾಲಿನಲ್ಲಿ ಕುಳಿತು, ಬೇಗ ಎದ್ದು ಹೋಗುವವರಲ್ಲಿ ಇವರನ್ನು ಹುಡುಕಬಹುದು. ಇವರ ಹಿಂದಿನ ತಲೆಮಾರು ಹಗಲೆಲ್ಲ ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಕೂತು ಎಸ್‌ಎಸ್‌ಸಿ ಪಾಸು ಮಾಡಿತ್ತು. ಆ ಅಪ್ಪಂದಿರಿಗೆ ಯಾರೂ ಆಟ ಆಡಿಸಿ ಸಮಯ ಕಲಿಸಿದ ದಾಖಲೆ ಇಲ್ಲ.

ಕಾರ್ಯಕ್ರಮ ಒಂಬತ್ತೂವರೆಗೆ ಎಂದು ಮೇಲ್ ಬಂದಿರುತ್ತದೆ. ಆರಂಭವಾಗುವುದು ಹತ್ತು ದಾಟಿದ ಮೇಲೆ. ಇದಕ್ಕೆ ಚಾರಿತ್ರಿಕ ಸಮರ್ಥನೆ ಉಂಟು. 1906ರಲ್ಲಿ ಭಾರತಕ್ಕೆಲ್ಲ ಒಂದೇ ಗಡಿಯಾರ ಬಂದಾಗ ಈ ನಗರ ಒಪ್ಪಲಿಲ್ಲ. ಅದಕ್ಕಿಂತ 39 ನಿಮಿಷ ಹಿಂದಿದ್ದ ತನ್ನದೇ ಬಾಂಬೆ ಟೈಮನ್ನು 1955ರವರೆಗೂ ಬಿಡದೆ ಇಟ್ಟುಕೊಂಡಿತ್ತು. ತರಬೇತಿ ಕೋಣೆಗಳಲ್ಲಿ ಅದು ಇನ್ನೂ ಚಾಲ್ತಿಯಲ್ಲಿದೆ ಎಂದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಮೊದಲು ಮಾತಾಡಬೇಕಾದವರು ವಿಭಾಗದ ಮುಖ್ಯಸ್ಥರು. ಅವರು ಬಂದು, ಸಮಯದ ಮಹತ್ವವನ್ನು ಇಪ್ಪತ್ತು ನಿಮಿಷ ವಿವರಿಸಿ, ಇನ್ನೊಂದು ಮೀಟಿಂಗ್ ಇದೆಯೆಂದು ಹೊರಡುತ್ತಾರೆ. ಮತ್ತೆ ಕಾಣಿಸುವುದಿಲ್ಲ.

ಉಳಿದು ಕಲಿಯುವವರು ಯಾರು ಎಂಬುದನ್ನೂ ಗಮನಿಸಬೇಕು. ಇವರು ಬದ್ಲಾಪುರ, ವಿರಾರ್, ಡೊಂಬಿವಲಿಗಳಿಂದ ಬರುವ ಜನ. ಇವರಿಗೆ ಬೆಳಿಗ್ಗೆ ಎಂಟು ಗಂಟೆ ಎಂಬುದೇ ಇಲ್ಲ, 7.52 ಇದೆ, 8.11 ಇದೆ. ಯಾವ ಡಬ್ಬಿ ದಾದರಿನಲ್ಲಿ ಸೇತುವೆಯ ಮೆಟ್ಟಿಲ ಎದುರು ನಿಲ್ಲುತ್ತದೆ ಎಂಬುದು ಗೊತ್ತು. ಗಾಡಿ ನಿಲ್ಲುವ ಅರ್ಧ ನಿಮಿಷದೊಳಗೆ ಇಳಿಯುವವರು ಇಳಿದು ಹತ್ತುವವರು ಹತ್ತಿ, ಮೂವರ ಸೀಟಿನ ತುದಿಯಲ್ಲಿ ‘ಫೋರ್ತ್ ಸೀಟ್’ ಗಿಟ್ಟಿಸಿಯೂ ಆಗಿರುತ್ತದೆ. ಲೇಡೀಸ್ ಡಬ್ಬಿಯಲ್ಲಿ ಮನೆ ಮುಟ್ಟುವುದರೊಳಗೆ ರಾತ್ರಿಯ ಅಡುಗೆಗೆ ಮೆಂತ್ಯಸೊಪ್ಪು ಸೋಸಿ ಮುಗಿದಿರುತ್ತದೆ. ಇಂಥವರನ್ನು ಎಸಿ ಕೋಣೆಯಲ್ಲಿ ಕೂರಿಸಿ, ‘ಬ್ಯಾಂಕು ನಿಮಗೆ ದಿನಕ್ಕೆ 86,400 ರೂಪಾಯಿ ಕೊಟ್ಟರೆ ಏನು ಮಾಡುತ್ತೀರಿ?’ ಎಂದು ಸರ್ ಕೇಳುತ್ತಾರೆ. ಅದು ದಿನದ ಸೆಕೆಂಡುಗಳ ಲೆಕ್ಕ. ಉತ್ತರ ಎಲ್ಲರಿಗೂ ಗೊತ್ತಿದ್ದರೂ, ಹಿಂದಿನ ವರ್ಷದ ಸರ್ ಕೂಡ ಇದನ್ನೇ ಕೇಳಿದ್ದರೆಂದು ಹೇಳಿ ಯಾರೂ ಮನಸ್ಸು ನೋಯಿಸುವುದಿಲ್ಲ.

ಆಟಗಳಲ್ಲಿ ಅಗ್ರಪೂಜೆ ಗಾಜಿನ ಭರಣಿಗೆ. ಸ್ಟೀಫನ್ ಕವಿ ಎಂಬ ಲೇಖಕರು 1994ರ ತಮ್ಮ ಪುಸ್ತಕದಲ್ಲಿ ಹೇಳಿ ಪ್ರಸಿದ್ಧಿಗೆ ತಂದದ್ದು ಇದು: ಮೊದಲು ದಪ್ಪ ಕಲ್ಲು, ಆಮೇಲೆ ಜಲ್ಲಿ, ಮರಳು, ಕೊನೆಗೆ ನೀರು. ಕ್ರಮ ತಪ್ಪಿದರೆ ದಪ್ಪ ಕಲ್ಲಿಗೆ ಜಾಗವಿಲ್ಲ. ಪಾಠ ಸರಿಯಾದದ್ದೇ. ಕಷ್ಟವಿರುವುದು ಸಾಗಣೆಯಲ್ಲಿ. ಆಫೀಸಿನ ಬಾಗಿಲಲ್ಲಿ ಎಕ್ಸ್‌ರೇ ಯಂತ್ರದ ಮುಂದೆ ಕೂತ ಸೆಕ್ಯುರಿಟಿಯವನು ಚೀಲದೊಳಗೆ ಕಲ್ಲು ಕಂಡು ‘ಯೇ ಕ್ಯಾ ಹೈ?’ ಎನ್ನುತ್ತಾನೆ. ‘ಟ್ರೈನಿಂಗ್ ಮಟೀರಿಯಲ್’ ಎಂಬ ಉತ್ತರ ಅವನ ರಿಜಿಸ್ಟರಿನ ಯಾವ ಕಾಲಮ್ಮಿಗೂ ಕೂರುವುದಿಲ್ಲ. ಎಚ್‌ಆರ್‌ನವರು ಕೆಳಗಿಳಿದು ಬಂದು ಕಲ್ಲುಗಳಿಗೆ ಜಾಮೀನು ನಿಲ್ಲುವಷ್ಟರಲ್ಲಿ ಕಾಲು ಗಂಟೆ ಹೋಗಿರುತ್ತದೆ. ಅನುಭವಸ್ಥರು ಆದ್ದರಿಂದ ಕಲ್ಲು ಬಿಟ್ಟು ಬಟಾಟೆ, ಕಾಬೂಲಿ ಕಡಲೆ, ರವೆಗೆ ಬಂದಿದ್ದಾರೆ. ಆ ರವೆ ನಾಳೆಯ ಉಪ್ಪಿಟ್ಟಿನದು, ಹೋದ ಹಾಗೆಯೇ ವಾಪಸು ಬರಬೇಕು ಎಂದು ಮನೆಯಿಂದ ಆಜ್ಞೆಯಾಗಿರುತ್ತದೆ. ಹೀಗಾಗಿ ನೀರು ಹೊಯ್ಯುವ ಕೊನೆಯ ಘಟ್ಟವನ್ನು ಬಾಯಿಮಾತಿನಲ್ಲೇ ಮುಗಿಸಲಾಗುತ್ತದೆ.

ಎರಡನೆಯದು ನಾಲ್ಕು ಮನೆಯ ಆಟ. ಅಮೆರಿಕದ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಹೆಸರಿನಲ್ಲಿ ಓಡಾಡುವ ವಿಂಗಡಣೆ ಇದು, 1954ರ ಭಾಷಣದಲ್ಲಿ ಅವರೇ ಅರ್ಜೆಂಟು-ಇಂಪಾರ್ಟೆಂಟಿನ ಮಾತನ್ನು ಬೇರೊಬ್ಬರ ಲೆಕ್ಕಕ್ಕೆ ಹಾಕಿದ್ದರೂ. ನೆಲದ ಮೇಲೆ ಟೇಪು ಅಂಟಿಸಿ ಕುಂಟೆಬಿಲ್ಲೆಯ ಹಾಗೆ ಮನೆ ಬರೆಯುತ್ತಾರೆ: ಅರ್ಜೆಂಟ್ ಮತ್ತು ಇಂಪಾರ್ಟೆಂಟ್, ಇಂಪಾರ್ಟೆಂಟ್ ಆದರೆ ಅರ್ಜೆಂಟಲ್ಲ, ಅರ್ಜೆಂಟ್ ಮಾತ್ರ, ಎರಡೂ ಅಲ್ಲ. ಸರ್ ಒಂದೊಂದು ಕೆಲಸ ಕೂಗಿದಂತೆ ಎಲ್ಲರೂ ಸರಿಯಾದ ಮನೆಗೆ ಓಡಬೇಕು. ‘ಬಾಸ್ ಫೋನು’ ಎಂದರೆ ಮೂವತ್ತು ಮಂದಿಯೂ ಮೊದಲ ಮನೆಯಲ್ಲಿ. ವಿರಾರ್ ಫಾಸ್ಟ್ ಹತ್ತಿದ ಅಭ್ಯಾಸದಿಂದ ಎಲ್ಲರೂ ಹಿಡಿಸಿಯೂ ಹಿಡಿಸುತ್ತಾರೆ. ‘ಆರೋಗ್ಯ ತಪಾಸಣೆ’ ಎಂದಾಗ ಎರಡನೇ ಮನೆಗೆ ಹೋಗುವವರು ಎಚ್‌ಆರ್‌ನವರೊಬ್ಬರೇ.

ಶ್ಯಾವಿಗೆ ಗೋಪುರದ ಆಟವೂ ಉಂಟು. ಇಪ್ಪತ್ತು ಬೇಯಿಸದ ಸ್ಪಗೆಟ್ಟಿ ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ. 18 ನಿಮಿಷದಲ್ಲಿ ಗೋಪುರ ಕಟ್ಟಿ ತುದಿಗೆ ಮಾರ್ಷ್‌ಮೆಲೊ ಕೂರಿಸಬೇಕು. ಟಾಮ್ ವುಜೆಕ್ ಎಂಬವರು 2010ರಲ್ಲಿ ವಿವರಿಸಿದಂತೆ, ಇದರಲ್ಲಿ ಎಂಬಿಎ ಓದುವವರಿಗಿಂತ ಶಿಶುವಿಹಾರದ ಮಕ್ಕಳು ಮುಂದೆ. ಮಕ್ಕಳು ಮೊದಲಿಂದಲೇ ಮಿಠಾಯಿ ಇಟ್ಟು ನೋಡುತ್ತಾರೆ. ದೊಡ್ಡವರು ಲೀಡರ್ ಯಾರೆಂದು ತೀರ್ಮಾನಿಸುತ್ತಾರೆ. ಮುಂಬಯಿಯಲ್ಲಿ ಇನ್ನೊಂದು ತೊಡಕು: ಮಾರ್ಷ್‌ಮೆಲೊದಲ್ಲಿ ಜೆಲಟಿನ್ ಇದೆಯೆಂದು ಜೈನ ಸಹೋದ್ಯೋಗಿಗಳು ಮುಟ್ಟುವುದಿಲ್ಲ. ಬದಲಿಗೆ ಪೇಡೆ ತಂದರೆ ಅದರ ಭಾರಕ್ಕೆ ಗೋಪುರ ಮಲಗುತ್ತದೆ. ಮಲಗಿದ ಮೇಲೆ ಪೇಡೆ ತಿನ್ನಲಾಗುತ್ತದೆ.

ಇಷ್ಟರ ನಡುವೆ ನಿಜಕ್ಕೂ ಕಣ್ಣು ತೆರೆಸುವ ಆಟವೆಂದರೆ ನಾಣ್ಯದ್ದು. ನಾಲ್ವರು ಸಾಲಾಗಿ ಕೂರುತ್ತಾರೆ. ಮೊದಲನೆಯವರು ಇಪ್ಪತ್ತು ನಾಣ್ಯ ಮಗುಚಿ, ಅಷ್ಟನ್ನೂ ಒಟ್ಟಿಗೆ ಎರಡನೆಯವರಿಗೆ ದಾಟಿಸಬೇಕು, ಹೀಗೆ ಕೊನೆಯವರೆಗೆ. ಎರಡನೇ ಸುತ್ತಿನಲ್ಲಿ ಐದೈದು. ಮೂರನೆಯದರಲ್ಲಿ ಒಂದೊಂದೇ ಮಗುಚಿ, ಕೂಡಲೇ ದಾಟಿಸುವುದು. ಕೈಗಳು ಅವೇ, ನಾಣ್ಯಗಳು ಅವೇ, ಯಾರೂ ಜೋರು ಮಾಡಿಲ್ಲ. ಆದರೂ ಮೂರನೇ ಸುತ್ತು ಮೊದಲಿನದಕ್ಕಿಂತ ಎಷ್ಟೋ ಬೇಗ ಮುಗಿಯುತ್ತದೆ. ಮೊದಲ ಸುತ್ತಿನಲ್ಲಿ ಒಬ್ಬರು ಮಗುಚುವಾಗ ಮೂವರು ಬರಿದೇ ಕೂತಿರುತ್ತಾರೆ, ಮಗುಚಿದ ನಾಣ್ಯವೂ ಉಳಿದ ಹತ್ತೊಂಬತ್ತಕ್ಕಾಗಿ ಕಾಯುತ್ತಿರುತ್ತದೆ. ತಡವಾದದ್ದು ಕೆಲಸದಿಂದಲ್ಲ, ಕಾಯುವಿಕೆಯಿಂದ. ಕ್ಲೇಮ್ ವಿಭಾಗದಲ್ಲಿ ಮೂವತ್ತು ವರ್ಷ ಕಳೆದ ಹಿರಿಯರೊಬ್ಬರು ಇಂಥ ಹೊತ್ತಿನಲ್ಲಿ ಕೈ ಎತ್ತುತ್ತಾರೆ. ‘ಸರ್, ಫೈಲು ಒಂದೊಂದೇ ಕಳಿಸೋದಕ್ಕೆ ನಾವು ತಯಾರು. ಸಾಹೇಬರು ಸಹಿ ಹಾಕೋದು ಮಂಗಳವಾರ, ಶುಕ್ರವಾರ ಮಾತ್ರ.’

ಕೋಣೆಯಲ್ಲಿ ನಗು. ಸಾಹೇಬರೆಂದರೆ ಬೆಳಿಗ್ಗೆ ಸಮಯದ ಮಹತ್ವ ಹೇಳಿ ಹೋದವರೇ. ಸಂಜೆ ಆರಕ್ಕೆ ಮೀಟಿಂಗ್ ಕರೆಯುವವರೂ ಅವರೇ. ಆಟ ಆಡಬೇಕಾಗಿದ್ದ ಒಬ್ಬರೇ ಒಬ್ಬರು ಆಡಲಿಲ್ಲ ಎಂಬುದು ಸರ್‌ಗೂ ಗೊತ್ತು. ಆದರೆ ಬಿಲ್ಲಿಗೆ ಸಹಿ ಬೀಳಬೇಕಾದದ್ದೂ ಅದೇ ಕೈಯಿಂದ. ‘ವೆರಿ ಗುಡ್ ಪಾಯಿಂಟ್, ಪಾರ್ಕಿಂಗ್ ಲಾಟ್‌ನಲ್ಲಿ ಹಾಕೋಣ’ ಎಂದು ಗೋಡೆಯ ಮೇಲಿನ ಚಾರ್ಟಿನಲ್ಲಿ ಬರೆದುಬಿಡುತ್ತಾರೆ. ಉತ್ತರಿಸಲಾಗದ ಪ್ರಶ್ನೆಗಳನ್ನು ನಿಲ್ಲಿಸುವ ಜಾಗ ಅದು. ಮುಂಬಯಿಯಲ್ಲಿ ಯಾವಾಗ ಹೋದರೂ ಜಾಗ ಸಿಗುವ ಪಾರ್ಕಿಂಗ್ ಅದೊಂದೇ.

ಊಟಕ್ಕೆ ಮುಂಚೆ, ಮನೆಯೂಟವನ್ನು ಆಫೀಸಿಗೆ ಮುಟ್ಟಿಸುವ ಡಬ್ಬಾವಾಲಾಗಳ ಸ್ಲೈಡು ತಪ್ಪುವುದಿಲ್ಲ. 1890ರಿಂದ ನಡೆದುಬಂದ ವ್ಯವಸ್ಥೆ, ಐದು ಸಾವಿರ ಜನ, ಎರಡು ಲಕ್ಷ ಡಬ್ಬಿ, 2003ರಲ್ಲಿ ಚರ್ಚ್‌ಗೇಟಿನಲ್ಲಿ ಭೇಟಿಯಾದ ಬ್ರಿಟನ್ನಿನ ರಾಜಕುಮಾರ ಚಾರ್ಲ್ಸ್. ಲೆಕ್ಕ ಕೋವಿಡ್‌ಗೆ ಮುಂಚಿನದು. ಆ ಮೇಲೆ ಡಬ್ಬಿಗಳೂ ಇಳಿದವು, ಒಯ್ಯುವವರೂ ಇಳಿದರು, ರಾಜಕುಮಾರ ರಾಜನಾದ, ಸ್ಲೈಡು ಮಾತ್ರ ಹಾಗೇ ಇದೆ. ಅದನ್ನು ತೋರಿಸುವ ಭರದಲ್ಲಿ ಒಂದು ಗಂಟೆಯ ಊಟ ಒಂದೂಮುಕ್ಕಾಲಕ್ಕೆ ಜಾರುತ್ತದೆ. ಹನ್ನೆರಡೂವರೆಗೇ ಬಂದ ಅಸಲಿ ಡಬ್ಬಿಗಳು ರಿಸೆಪ್ಶನ್ನಿನಲ್ಲಿ ತಣ್ಣಗಾಗುತ್ತಿರುತ್ತವೆ.

ಮಧ್ಯಾಹ್ನದ ಭಾಗದಲ್ಲಿ ಹೇಳುವಂಥದ್ದು ಕಡಿಮೆ. ನಿದ್ದೆ ಓಡಿಸಲು ಒಂದಿಷ್ಟು ಚಪ್ಪಾಳೆ, ಬಳಿಕ ಪೊಮೊಡೊರೊ ಎಂಬ ಇಟಲಿಯ ಪದ್ಧತಿ: ಇಪ್ಪತ್ತೈದು ನಿಮಿಷ ಕೆಲಸ, ಐದು ನಿಮಿಷ ವಿರಾಮ. ಇದನ್ನು ವಿವರಿಸಲು ಐವತ್ತು ನಿಮಿಷ ಬೇಕಾಗುತ್ತದೆ. ಐದೂವರೆಗೆ ಫೀಡ್‌ಬ್ಯಾಕ್ ಫಾರಮ್ಮು ಹಂಚುತ್ತಾರೆ. 5.58ರ ಗಾಡಿ ಹಿಡಿಯುವವರು ಓದದೆ ಎಲ್ಲದಕ್ಕೂ ಐದಕ್ಕೆ ಐದು ಕೊಟ್ಟು ಓಡುತ್ತಾರೆ. ಆ ಅಂಕಗಳನ್ನು ಸರ್ ಮರುದಿನ ಲಿಂಕ್ಡ್‌ಇನ್‌ನಲ್ಲಿ ಹಾಕಿಕೊಳ್ಳುತ್ತಾರೆ.

ಕೊನೆಗೆ ಉಳಿಯುವುದು ಬಿಲ್ಲು. ಸಣ್ಣ ಉದ್ದಿಮೆಯೆಂದು ನೋಂದಾಯಿಸಿಕೊಂಡವರಿಗೆ 45 ದಿನ ಮೀರದಂತೆ ಹಣ ಕೊಡಬೇಕೆಂದು 2006ರ ಕಾನೂನೇ ಹೇಳುತ್ತದೆ. ಆದರೂ ಮಾರ್ಚಿನ ಬಿಲ್ಲಿಗೆ ಜೂನಿನಲ್ಲಿ ಪರ್ಚೇಸ್ ಆರ್ಡರ್ ನಂಬರ್ ಕೇಳಿ ಮೇಲ್ ಬರುತ್ತದೆ. ಜುಲೈಯಲ್ಲಿ ಸರ್ ಫೋನ್ ಮಾಡಿದಾಗ ಅಕೌಂಟ್ಸ್‌ನಲ್ಲಿ ಎತ್ತಿಕೊಳ್ಳುವವನು ಊರಿನ ಕಡೆಯ ಹುಡುಗನೇ, ತರಬೇತಿಯಲ್ಲಿ ಮೊದಲ ಬಹುಮಾನ ಗೆದ್ದವನು. ‘ನಿಮ್ಮ ಬಿಲ್ಲು ಇಂಪಾರ್ಟೆಂಟೇ ಮಾರಾಯ್ರೆ, ಅರ್ಜೆಂಟಲ್ಲ ಅಷ್ಟೆ. ಎರಡನೇ ಮನೆಯಲ್ಲಿ ಇಟ್ಟಿದ್ದೇವೆ.’