ಆರು ಹಲ್ಲಿನ ಆಸೆ

ನನಗೆ ಬೇಕಾಗಿದ್ದದ್ದು ಇನ್ನೊಂದು ಆರು ಹಲ್ಲು, ಅಷ್ಟೇ. ಬಾಯಲ್ಲಿರುವವು ಸದ್ಯಕ್ಕೆ ಸಾಕು. ಸಾಲದೆ ಬಂದದ್ದು ಸೈಕಲ್ಲಿನ ಹಿಂಚಕ್ರದಲ್ಲಿ. ಅಲ್ಲಿಯ ಅತಿ ದೊಡ್ಡ ಹಲ್ಲುಗಾಲಿಗೆ ಇರುವುದು 28 ಹಲ್ಲು. ಬೆಂಗಳೂರಿನಲ್ಲಿ ರೋಡ್ ಬೈಕ್ ಕೊಂಡವರು ಇಂದಲ್ಲ ನಾಳೆ ನಂದಿಬೆಟ್ಟ ಹತ್ತಲೇಬೇಕು, ಇಲ್ಲದಿದ್ದರೆ ಬೆಳಗಿನ ಕಾಫಿ ಗುಂಪಿನಲ್ಲಿ ಕೂರಲು ಜಾಗ ಕೊಡುವುದಿಲ್ಲ. 1,478 ಮೀಟರ್ ಎತ್ತರದ ಆ ಬೆಟ್ಟದ ತಿರುವುಗಳಲ್ಲಿ 28 ಹಲ್ಲಿನ ಯೋಗ್ಯತೆ ಏನೆಂದು ಅಲ್ಲಿನ ಕೋತಿಗಳನ್ನು ಕೇಳಬೇಕು. ನನ್ನನ್ನು ದಾಟಿ ಮುಂದೆ ಹೋದವು ಒಮ್ಮೆ ನಿಂತು ಹಿಂತಿರುಗಿ ನೋಡುತ್ತವೆ.

ಹಿಂದೆ 34 ಹಲ್ಲಾದರೆ ಲೆಕ್ಕ ಸುಲಭ. ಮುಂದಿನ ಚಿಕ್ಕ ಗಾಲಿಯೂ 34. ಪೆಡಲು ಒಂದು ಸುತ್ತು, ಚಕ್ರ ಒಂದು ಸುತ್ತು. ಈಗಿನದಕ್ಕಿಂತ ಶೇ 18ರಷ್ಟು ಹಗುರ. ಹಿಂದಿನ ಹಲ್ಲುಗಾಲಿಗಳ ಗೊಂಚಲು, ಅಂದರೆ ಕ್ಯಾಸೆಟ್, ಒಂದನ್ನು ಬದಲಿಸಿದರಾಯಿತು ಎಂದು ಗುಂಪಿನಲ್ಲಿ ಬಾಯಿಬಿಟ್ಟೆ. "ಹೇಗೂ ಬಿಚ್ಚಿಸ್ತೀಯಲ್ಲ, ಶಿಮಾನೋ 105 ಗೇರ್ ಸೆಟ್ಟನ್ನೇ ಹಾಕಿಸಿಬಿಡು" ಎಂದರು. ಬೇರೆಯವರ ದುಡ್ಡು ಖರ್ಚು ಮಾಡಿಸುವಾಗ ಸೈಕಲ್ ಮಂದಿಯಷ್ಟು ಉದಾರಿಗಳು ಇನ್ನೆಲ್ಲೂ ಸಿಗಲಾರರು.

ನನ್ನದು ಶಿಮಾನೋ ಸೋರಾ, ಹಿಂದೆ ಒಂಬತ್ತು ಗಾಲಿ. ಒಂದು ಗಾಲಿಯಿಂದ ಮುಂದಿನ ಗಾಲಿಗೆ 4.35 ಮಿಲಿಮೀಟರ್. ಹನ್ನೊಂದು ಗಾಲಿಯ 105ರಲ್ಲಿ ಆ ದೂರ ಸುಮಾರು 3.7. ಹಾಗಾಗಿ ಚೈನು ತೆಳ್ಳಗಾಗಬೇಕು. ಗೇರಿನ ಲಿವರ್ ಒಂದು ಸಲ ಕ್ಲಿಕ್ ಎಂದಾಗ ಎಳೆಯುವ ತಂತಿಯ ಉದ್ದ ಬೇರೆ, ಆದ್ದರಿಂದ ಲಿವರೂ ಹೊಸದು. ಎಳೆದ ತಂತಿಗೆ, ಚೈನನ್ನು ಗಾಲಿಯಿಂದ ಗಾಲಿಗೆ ದಾಟಿಸುವ ಡಿರೇಲರ್ ಎಷ್ಟು ಸರಿಯುತ್ತದೆನ್ನುವ ಪ್ರಮಾಣವೂ ಬೇರೆ, ಆದ್ದರಿಂದ ಅದೂ ಹೊಸದು. ಇಷ್ಟಾದ ಮೇಲೆ ಕ್ಯಾಸೆಟ್ ತೂರಿಸಲು ಹೋದರೆ ಹನ್ನೊಂದರ ಹಬ್ಬು ಹಳೆಯದಕ್ಕಿಂತ 1.85 ಮಿಲಿಮೀಟರ್ ಅಗಲ. ಎರಡು ಮಿಲಿಮೀಟರೂ ಇಲ್ಲದ ಸಂದಿಗೆ ಹೊಸ ಚಕ್ರ! (ಹಳೆಯ ಹಬ್ಬಿನ ಮೇಲೂ ಕೂರುವ ಹನ್ನೊಂದರ 11-34 ಕ್ಯಾಸೆಟ್ ಒಂದಿದೆ. ದೊಡ್ಡ ಗಾಲಿಗಳು ಕಡ್ಡಿಗಳ ಮೇಲಕ್ಕೆ ಚಾಚಿಕೊಳ್ಳುವಂತೆ ಮಾಡಿದ್ದಾರೆ. ಇದನ್ನು ಹೇಳಿದರೆ ಗುಂಪಿನಲ್ಲಿ ಯಾರಿಗೂ ಸಂತೋಷವಾಗುವುದಿಲ್ಲ.) "ಇಷ್ಟು ಮಾಡೋನು ಹನ್ನೆರಡಕ್ಕೇ ಹೋಗು" ಎಂದ ಒಬ್ಬ. 2023ರಲ್ಲಿ ಬಂದ ತಂತಿಯ ಹನ್ನೆರಡರ 105 ಬರುವುದು ಡಿಸ್ಕ್ ಬ್ರೇಕಿನ ಜೊತೆಗೆ ಮಾತ್ರ. ನನ್ನದು ರಿಮ್ ಬ್ರೇಕು. ಅಂದರೆ ಫ್ರೇಮೇ ಬೇರೆಯಾಗಬೇಕು. ಆರು ಹಲ್ಲು ಕೇಳಿದವನಿಗೆ ಕೊನೆಗೆ ಹಳೆಯ ಸೈಕಲ್ಲಿನಿಂದ ದಕ್ಕುವುದು ನೀರಿನ ಬಾಟಲಿ ಮತ್ತು ಗಂಟೆ.

ಮದುವೆಯಲ್ಲಿ ನಮ್ಮ ಹಿರಿಯರು ಸಗೋತ್ರ ಎಂದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಸೈಕಲ್ ಲೋಕದಲ್ಲಿ ಸಗೋತ್ರವೇ ಕಡ್ಡಾಯ. ಮೂಲಪುರುಷರೂ ಇದ್ದಾರೆ: ಜಪಾನಿನ ಸಕಾಯಿಯಲ್ಲಿ 1921ರ ಶಿಮಾನೋ, ಇಟಲಿಯ ವಿಚೆಂಝಾದಲ್ಲಿ 1933ರ ಕಾಂಪಾಗ್ನೊಲೊ, ಶಿಕಾಗೋದಲ್ಲಿ 1987ರ ಸ್ರ್ಯಾಮ್. ಇಟಲಿಯ ಲಿವರಿಗೆ ಜಪಾನಿನ ಡಿರೇಲರ್ ತಂದರೆ ಮೊದಲ ಏರಿನಲ್ಲೇ ಕಟಕಟ. ಹೋಗಲಿ, ಒಂದೇ ಗೋತ್ರದೊಳಗಾದರೂ ನೆಮ್ಮದಿಯೇ? ಶಿಮಾನೋದ್ದೇ ಟಿಯಾಗ್ರಾ 4700ಕ್ಕೂ ಹತ್ತು ಗಾಲಿ, ಅದರ ಹಿಂದಿನ 4600ಕ್ಕೂ ಹತ್ತೇ. ಆದರೆ ಅಪ್ಪನ ಡಿರೇಲರಿಗೆ ಮಗನ ಲಿವರ್ ಆಗಿಬರದು.

ಈ ಮಡಿಗೆಲ್ಲ ಮೂಲ ಆ ಕ್ಲಿಕ್ಕೇ ಎಂಬುದು ನನ್ನ ವಾದ. ಟೂರ್ ಡಿ ಫ್ರಾನ್ಸ್ ಹುಟ್ಟುಹಾಕಿದ ಆನ್ರಿ ದೆಗ್ರಾಂಜ್‌ಗೆ ಡಿರೇಲರ್ ಕಂಡರಾಗುತ್ತಿರಲಿಲ್ಲ. ಆ ಸ್ಪರ್ಧೆಯಲ್ಲಿ ಅದಕ್ಕೆ ಪ್ರವೇಶ ಸಿಕ್ಕದ್ದು 1937ರಲ್ಲಿ. ಆಮೇಲೂ ದಶಕಗಳ ಕಾಲ ಲಿವರಿಗೆ ಕ್ಲಿಕ್ ಇರಲಿಲ್ಲ. ಸವಾರ ಬೆರಳಿನಲ್ಲಿ ಲಿವರ್ ಸರಿಸುತ್ತ, ಚೈನಿನ ಗರಗರ ನಿಲ್ಲುವ ತನಕ ಕಿವಿಗೊಟ್ಟು, ಗೇರು ಹುಡುಕಿಕೊಳ್ಳುತ್ತಿದ್ದ. ಯಾವ ಊರಿನ ಡಿರೇಲರಾದರೇನು, ಗಾಲಿ ಐದಾದರೇನು ಆರಾದರೇನು, ಹೊಂದಿಸಿಕೊಳ್ಳುವ ಜವಾಬ್ದಾರಿ ಬೆರಳಿನದು. 1984ರಲ್ಲಿ ಶಿಮಾನೋದ ಡ್ಯುರಾ-ಏಸ್ ಒಂದು ಕ್ಲಿಕ್ಕಿಗೆ ಒಂದು ಗೇರೆಂದು ಲೆಕ್ಕ ಕಟ್ಟಿ ಬೆರಳಿಗೆ ವಿಶ್ರಾಂತಿ ಕೊಟ್ಟಿತು. ಸೊಗಸಾದ ಸೌಕರ್ಯ, ಇಲ್ಲವೆನ್ನಲಾರೆ; ಏದುಸಿರಿನ ನಡುವೆ ಚೈನಿನ ಗರಗರಕ್ಕೆ ಕಿವಿಗೊಟ್ಟು ನಂದಿ ಹತ್ತುವ ತಾಳ್ಮೆ ನನಗಿಲ್ಲ. ಆದರೆ ಬೆರಳು ಮಾಡುತ್ತಿದ್ದ ಕೆಲಸವನ್ನು ಅಂದಿನಿಂದ ಕೋಷ್ಟಕಗಳು ಮಾಡುತ್ತಿವೆ, ಕೋಷ್ಟಕಕ್ಕೆ ಕಿವಿಯಿಲ್ಲ.

ಕೊನೆಗೆ ದಾರಿ ತೋರಿಸಿದವನು ನಮ್ಮ ಮೆಕ್ಯಾನಿಕ್. ಅವನು ಮೊದಲು ಕೂಡಿಸಿ ಕಳೆದ. ಮುಂದಿನ ಎರಡು ಗಾಲಿಗಳ ವ್ಯತ್ಯಾಸ 50ರಲ್ಲಿ 34 ಕಳೆದರೆ 16, ಹಿಂದೆ 34ರಲ್ಲಿ 11 ಕಳೆದರೆ 23, ಒಟ್ಟು 39. ಅಷ್ಟು ಹಲ್ಲಿನ ಸಡಿಲವನ್ನು ಎಳೆದು ಹಿಡಿಯುವುದು ನನ್ನ ಡಿರೇಲರಿನ ಕುಳ್ಳ ಕಾಲಿಗೆ ಆಗದ ಮಾತು. "ಒಂಬತ್ತರಲ್ಲೇ ಇರಿ ಸಾರ್. ಒಂಬತ್ತರ ತನಕ ಶಿಮಾನೋದಲ್ಲಿ ರೋಡಿಗೂ ಬೆಟ್ಟದ ಸೈಕಲ್ಲಿಗೂ ಎಳೆತ ಒಂದೇ" ಎಂದ. ರೋಡಿನ ಮನೆಯವರೂ ಬೆಟ್ಟದ ಮನೆಯವರೂ ಹೆಣ್ಣು ಕೊಟ್ಟು ತರುತ್ತಿದ್ದ ಕಾಲದ ಕೊನೆಯ ಪೀಳಿಗೆ ಅದು. ಬೆಟ್ಟದ ಗೇರುಗಳು ಹತ್ತಾದಾಗ ಎಳೆತ ಬದಲಾಯಿತು, ಸಂಬಂಧ ಮುರಿಯಿತು.

ಹೀಗೆ ನನ್ನ ಸೋರಾ ಲಿವರಿಗೆ ಬೆಟ್ಟದ ಸೈಕಲ್ಲಿನ ಉದ್ದ ಕಾಲಿನ ಅಲಿವಿಯೊ ಡಿರೇಲರ್ ಬಂತು, 11-34ರ ಕ್ಯಾಸೆಟ್ ಬಂತು, ಉದ್ದಕ್ಕೆ ತಕ್ಕ ಹೊಸ ಚೈನು ಬಂತು. ಲಿವರು, ಹಬ್ಬು, ಬ್ರೇಕು, ಫ್ರೇಮು ಇದ್ದಲ್ಲೇ ಉಳಿದವು. ಗುಂಪಿನವರು ಆ ಉದ್ದ ಕಾಲನ್ನು ನೋಡಿ ಮುಖ ಕಿವುಚಿದರು. ರೋಡ್ ಬೈಕಿನ ಅಂದವೇ ಹೋಯಿತಂತೆ. ಏರಿನಲ್ಲಿ ನನ್ನ ಹಿಂದೆಯೇ ಬಂದು ಎಷ್ಟು ಹೊತ್ತು ಬೇಕಾದರೂ ನೋಡಲಿ ಎನ್ನಬಹುದಿತ್ತು. ಆದರೆ ಅವರು ಈಗಲೂ ನನಗಿಂತ ಮುಂದೆಯೇ ಇರುತ್ತಾರೆ.

ದುಡ್ಡು ಎಣಿಸುವಾಗ ಮೆಕ್ಯಾನಿಕ್ ಪೆಡಲಿನ ತೋಳು ಹಿಡಿದು ಅಲ್ಲಾಡಿಸಿದ. "ಬಾಟಮ್ ಬ್ರಾಕೆಟ್ ಆಡ್ತಾ ಇದೆ ಸಾರ್. ಹೊಸದು ಹಾಕೋಣ. ತಿರುಪಿನದ್ದೋ ಒತ್ತಿ ಕೂರಿಸೋದೋ ನೋಡ್ಬೇಕು. ತಿರುಪಿನದ್ದಾದ್ರೆ ಇಟಲಿಯದೋ ಇಂಗ್ಲಿಷಿನದೋ?"